ಜ್ವರದ ವರ್ಷದ ಜೋಡಿ ಪಾಳಿ

ಐವತ್ತೇಳರ ಮಳೆಗಾಲದಲ್ಲಿ ಮುಂಬಯಿಯ ಜನ ನುಂಗಿದ ಜ್ವರದ ಮಾತ್ರೆಗಳಲ್ಲಿ ಒಂದು ಪಾಲು ನನ್ನ ಕೈಯಿಂದ ಹಾದುಹೋದದ್ದು. ಮುಲುಂಡಿನ ಒಂದು ಔಷಧ ಕಾರ್ಖಾನೆಯ ಪ್ಯಾಕಿಂಗ್ ಹಾಲ್‌ನಲ್ಲಿ ನಾವು ಹೆಂಗಸರು ಉದ್ದನೆಯ ಮೇಜುಗಳ ಎರಡೂ ಬದಿಗೆ ಕುಳಿತು ಮಾತ್ರೆಗಳನ್ನು ಸೀಸೆಗೆ ತುಂಬಿ, ಹತ್ತಿಯಿಟ್ಟು, ಮುಚ್ಚಳ ಬಿಗಿದು, ಚೀಟಿ ಅಂಟಿಸುತ್ತಿದ್ದೆವು. ಇಡೀ ನಗರಕ್ಕೆ ಔಷಧ ಕಳಿಸುತ್ತಿದ್ದ ನಮ್ಮಲ್ಲಿ ಒಬ್ಬಳಿಗೂ ತನ್ನ ಮನೆಯ ರೋಗಿಯ ಪಕ್ಕದಲ್ಲಿ ಕೂರಲು ಒಂದು ದಿನದ ರಜೆ ಸಿಗುತ್ತಿರಲಿಲ್ಲ. ಇದು ಅನ್ಯಾಯವಾಗಿತ್ತು. ಅನ್ಯಾಯವನ್ನು ‘ಪರಿಸ್ಥಿತಿ’ ಎಂದು ಕರೆಯಬಾರದೆಂದು ನನಗೆ ಶಾಲೆಯಲ್ಲಿ ಕಲಿಸಿದ್ದರು.

ಆ ಶಾಲೆಯ ಬಗ್ಗೆ ಎರಡು ಮಾತು ಹೇಳಬೇಕು. ಮೈಸೂರಿನಲ್ಲಿ ಕೆಲವು ಆದರ್ಶವಾದಿಗಳು ಸೇರಿ ನಡೆಸುತ್ತಿದ್ದ ಶಾಲೆ ಅದು. ಅಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದೆವು, ಸರದಿಯ ಮೇಲೆ ಕಕ್ಕಸು ತೊಳೆಯುತ್ತಿದ್ದೆವು, ಕಂಡ ತಪ್ಪನ್ನು ಎದ್ದು ನಿಂತು ಹೇಳುವುದನ್ನು ಅಭ್ಯಾಸ ಮಾಡುತ್ತಿದ್ದೆವು. ನನ್ನನ್ನು ಅಲ್ಲಿಗೆ ಸೇರಿಸಿದವರು, ಆಶ್ಚರ್ಯವೆನ್ನಿಸಬಹುದು, ನನ್ನ ಸೋದರತ್ತೆ. ಗಂಡನ ಮುಖ ಸರಿಯಾಗಿ ನೋಡುವ ಮೊದಲೇ ವಿಧವೆಯಾದವರು; ತಲೆ ಬೋಳಿಸಿಕೊಂಡು, ರವಿಕೆಯಿಲ್ಲದೆ, ಕೆಂಪು ಸೀರೆಯಲ್ಲಿ ಆಯುಷ್ಯ ಕಳೆದವರು. ಹೆತ್ತವರನ್ನು ಕಳೆದುಕೊಂಡ ನನ್ನನ್ನು ಸಾಕಿದವರು ಅವರೇ. “ಪಂಕ್ತೀಲಿ ಯಾರ ಪಕ್ಕ ಕೂತ್ಯೋ ನಂಗೆ ಹೇಳ್ಬೇಡ, ಬಂದ ತಕ್ಷಣ ಸ್ನಾನ ಮಾಡು, ಪಾಠ ಒಪ್ಪಿಸು” ಎಂಬುದು ಅವರು ನನಗೆ ವಿಧಿಸಿದ್ದ ಷರತ್ತು. ಒಂದು ಎಳೆಯ ಹುಡುಗಿಯನ್ನು ವಿಧವೆಯೆಂದು ಗುರುತು ಹಾಕಿ ಮೂಲೆಗೆ ಕೂರಿಸಿದ್ದು ಕ್ರೌರ್ಯ. ಆ ಕ್ರೌರ್ಯದ ನಿಯಮಗಳನ್ನೇ ಆಕೆ ಕೊನೆಗೆ ತನ್ನ ಮಾನವೆಂದು ಹಿಡಿದುಕೊಂಡಿದ್ದರು. ನನಗೆ ಮುಂಬಯಿಯಲ್ಲಿ ಕೆಲಸ ಸಿಕ್ಕಾಗ ಒಂದು ತಾಮ್ರದ ಕೊಡ ಮತ್ತು ಎರಡು ಸೀರೆ ಹಿಡಿದು ನನ್ನೊಂದಿಗೆ ಹೊರಟುಬಂದರು. ಸಯನ್‌ನ ಒಂದು ಚಾಳಿನಲ್ಲಿ, ಸಾಲುಕೋಣೆಗಳ ವಠಾರದಲ್ಲಿ, ನಮ್ಮದು ಒಂದೇ ಕೋಣೆ.

ಅತ್ತೆಗೆ ಉಬ್ಬಸವಿತ್ತು. ಅದು ಬಂದಾಗ ಅವರನ್ನು ಎಬ್ಬಿಸಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಬಿಸಿನೀರಿನ ಹಬೆ ಹಿಡಿದು, ಮಾತ್ರೆಯನ್ನು ಬಾಯಿಗೆ ಹಾಕಬೇಕು. ಒಬ್ಬರೇ ಇದ್ದರೆ ಅದಾವುದೂ ಅವರಿಂದ ಆಗುತ್ತಿರಲಿಲ್ಲ. ಹಡಗಿನಲ್ಲಿ ಬಂದಿತೆಂದು ಜನ ಹೇಳುತ್ತಿದ್ದ ಆ ಹೊಸ ಜ್ವರ ಚಾಳಿನ ಮೆಟ್ಟಿಲು ಹತ್ತಿದಾಗ, ಎದೆ ಗಟ್ಟಿಯಿದ್ದವರೇ ಕೆಮ್ಮಿ ಕೆಮ್ಮಿ ಸುಸ್ತಾದರು. ನಮ್ಮ ಚಾಳಿನ ವೈದ್ಯರು ನನ್ನನ್ನು ಕೋಣೆಗಳ ಮುಂದಿನ ಗ್ಯಾಲರಿಗೆ ಕರೆದು ನೇರವಾಗಿಯೇ ಹೇಳಿದರು: ಈ ಎದೆಗೆ ಆ ಜ್ವರ ತಗುಲಿದರೆ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ, ಇವರು ಉಳಿಯುವುದಿಲ್ಲ.

ಅದೇ ವಾರ ಕಾರ್ಖಾನೆಯ ಗೇಟಿನಲ್ಲಿ ನೋಟೀಸು ಬಿತ್ತು. ಬೇಡಿಕೆ ಹೆಚ್ಚಾದ್ದರಿಂದ ಎರಡು ಪಾಳಿ ನಡೆಯುತ್ತದೆ. ಜ್ವರದ ಕಾಲ ಮುಗಿಯುವವರೆಗೆ ರಜೆಯಿಲ್ಲ. ಸ್ವಂತ ಕಾಯಿಲೆಯೆಂದು ವೈದ್ಯರು ಬರೆದುಕೊಡದೆ ತಪ್ಪಿಸಿಕೊಂಡವರ ಜಾಗ ಬೇರೆಯವರಿಗೆ ಹೋಗುತ್ತದೆ. ಕೆಲಸ ಹೋದರೆ ಕೋಣೆ ಹೋಗುತ್ತಿತ್ತು, ಅತ್ತೆಯ ಔಷಧ ಹೋಗುತ್ತಿತ್ತು. ಕೆಲಸಕ್ಕೆ ಹೋದರೆ ಅತ್ತೆಯೇ ಹೋಗಬಹುದಾಗಿತ್ತು. ಕಾಯಿಲೆ ಬೀಳುವುದಕ್ಕೆ ಕಾಯಿದೆಯಲ್ಲಿ ಹೆಸರಿತ್ತು. ಕಾಯಿಲೆಯವರನ್ನು ನೋಡಿಕೊಳ್ಳುವುದಕ್ಕೆ ಹೆಸರೇ ಇರಲಿಲ್ಲ. ಸುಳ್ಳು ಸರ್ಟಿಫಿಕೇಟು ತಂದವರೂ ಇದ್ದರು. ಅವರನ್ನು ನಾನು ದೂರುವುದಿಲ್ಲ, ಆದರೆ ನಾನು ತರಲಿಲ್ಲ. ಇಲ್ಲದ ಜ್ವರವನ್ನು ಬರೆಸಿಕೊಂಡರೆ ಇದ್ದ ಅನ್ಯಾಯ ಮುಚ್ಚಿಹೋಗುತ್ತದೆ.

ಅತ್ತೆ ಜ್ವರವನ್ನು ಎದುರಿಸಿದ ರೀತಿ ಬೇರೆ. ಅವರು ಮಡಿಯನ್ನು ಇಮ್ಮಡಿ ಮಾಡಿದರು. ಬೆಳಕು ಹರಿಯುವ ಮುನ್ನವೇ ಎದ್ದು ಗ್ಯಾಲರಿಯ ತುದಿಯ ನಲ್ಲಿಯಲ್ಲಿ ತಣ್ಣೀರು ಸುರಿದುಕೊಂಡು, ಒಗೆದ ಸೀರೆಯನ್ನು ಹಿಂಡಿ ಉಡುವರು. ಮೈಸೂರಿನಲ್ಲಾದರೆ ಹಿಂದಿನ ದಿನ ಗಳದ ಮೇಲೆ ಹಾಕಿದ ಮಡಿಬಟ್ಟೆ ಗಾಳಿಗೆ ಒಣಗಿರುತ್ತಿತ್ತು. ಮುಂಬಯಿಯ ಮಳೆಯಲ್ಲಿ ಯಾವ ಬಟ್ಟೆ ಒಣಗೀತು? ಒದ್ದೆ ಸೀರೆ ಮೈಮೇಲೆಯೇ ಒಣಗಬೇಕು.

“ಅತ್ತೆ, ಈ ಒದ್ದೆ ಬಟ್ಟೆ ಜ್ವರಕ್ಕೆ ಮಣೆ ಹಾಕಿ ಕರೆದ ಹಾಗೆ. ತೆಗೀರಿ.”

“ಯಾರನ್ನೂ ಮುಟ್ಟದೋರಿಗೆ ಮುಟ್ಟಿ ಬರೋ ಜ್ವರ ಹ್ಯಾಗೆ ಬರುತ್ತೆ? ನಿಮ್ ಶಾಲೇಲಿ ಇದನ್ನ ಹೇಳ್ಕೊಡ್ಲಿಲ್ವೇ?”

“ಅದು ಉಸಿರಿನಿಂದ ಬರುತ್ತೆ. ಉಸಿರಿಗೆ ಮಡಿ ಇಲ್ಲ.”

“ನಿನ್ ನಾಲಿಗೆಗೂ ಇಲ್ಲ ಕಣೇ” ಎಂದು ಅತ್ತೆ ಜಪಕ್ಕೆ ಕುಳಿತರು.

ಬೇರೆಯವರು ಬೇಯಿಸಿದ್ದನ್ನು ಅವರು ಉಣ್ಣುತ್ತಿರಲಿಲ್ಲ, ಬೇರೆಯವರು ತಂದ ನೀರನ್ನು ಕುಡಿಯುತ್ತಿರಲಿಲ್ಲ. ಹೀಗಾಗಿ ನಾನು ಇಲ್ಲದ ಹೊತ್ತಿನಲ್ಲಿ ಯಾರಾದರೂ ನೋಡಿಕೊಳ್ಳಲು ಒಪ್ಪಿದರೂ ನೋಡಿಸಿಕೊಳ್ಳಲು ಅತ್ತೆ ಒಪ್ಪುವಂತಿರಲಿಲ್ಲ. ಕಂಪನಿಯ ನಿಯಮ ಒಂದು ಗೋಡೆ, ಅತ್ತೆಯ ನಿಯಮ ಇನ್ನೊಂದು ಗೋಡೆ. ನಡುವಿನ ಸಂದಿಯಲ್ಲಿ ನಾನು ದಿನವೂ ಲೋಕಲ್ ಗಾಡಿ ಹಿಡಿಯುತ್ತಿದ್ದೆ.

ಪಕ್ಕದ ಕೋಣೆಯಲ್ಲಿ ಮಂಗಳೂರು ಕಡೆಯ ಕ್ರೈಸ್ತ ಹೆಣ್ಣುಮಗಳೊಬ್ಬಳು ತನ್ನ ತಂದೆಯೊಂದಿಗೆ ಇದ್ದಳು. ನಮ್ಮ ಹಾಲ್‌ನಲ್ಲಿ, ನನ್ನದೇ ಮೇಜಿನಲ್ಲಿ ಕೆಲಸ. ನನ್ನಂತೆಯೇ ಅವಿವಾಹಿತೆ. ಬೇರೆ ದಾರಿಯೂ ಇರಲಿಲ್ಲವೆನ್ನಿ. ಮದುವೆಯಾದ ಹೆಣ್ಣು ರಾಜೀನಾಮೆ ಕೊಡಬೇಕೆಂಬುದು ಆ ಕಾರ್ಖಾನೆಯ ನಿಯಮವಾಗಿತ್ತು. ಮದುವೆಯಾದ ಗಂಡಸಿಗೆ ಮಾತ್ರ ಸಂಬಳ ಏರುತ್ತಿತ್ತು. ಆಕೆಯ ತಂದೆ ಬಂದರಿನಲ್ಲಿ ಮೂಟೆ ಎತ್ತುವ ಯಂತ್ರ ನಡೆಸಿದವರು, ಪಾರ್ಶ್ವವಾಯು ಬಡಿದು ಮಂಚ ಹಿಡಿದಿದ್ದರು. ಒಂದು ಸಂಜೆ ಗಾಡಿಯಲ್ಲಿ ಕಂಬಿಗೆ ಜೋತು ನಿಂತಿದ್ದಾಗ ಆಕೆ ಹೇಳಿದಳು:

“ಬೆಳಿಗ್ಗೆ ಪಪ್ಪನ ಬಾಗಿಲಿಗೆ ಹೊರಗಿಂದ ಚಿಲಕ ಹಾಕಿ ಬರ್ತೇನೆ. ನೀವು ನಿಮ್ಮ ಅತ್ತೆಯನ್ನು ಬಿಟ್ಟು ಬರ್ತೀರಿ. ಇಬ್ಬರೂ ಒಟ್ಟಿಗೆ ಬಂದು, ಒಟ್ಟಿಗೆ ಹೆದರಿ, ಒಟ್ಟಿಗೆ ಓಡಿ ಹೋಗುವುದು. ಇದೆಂತ ಬುದ್ಧಿ ಮಾರಾಯ್ತಿ? ಒಬ್ಬಳು ಬೆಳಗಿನ ಪಾಳಿ, ಒಬ್ಬಳು ಮಧ್ಯಾಹ್ನದ್ದು ಮಾಡಿದರೆ ಆಗುವುದಿಲ್ವಾ?”

ಮಾತು ಅಷ್ಟು ಸರಳವಾಗಿತ್ತು. ಎರಡು ಪಾಳಿಗಳ ನಡುವೆ ಹಾಲ್ ತೊಳೆಯುವುದಕ್ಕೆಂದು ಒಂದು ಗಂಟೆಯ ಬಿಡುವಿತ್ತು. ಮುಲುಂಡಿನಿಂದ ಸಯನ್‌ಗೆ ಲೋಕಲ್ ಹಿಡಿದರೆ ಅಷ್ಟರೊಳಗೆ ಒಬ್ಬಳು ಬಂದು ಇನ್ನೊಬ್ಬಳನ್ನು ಬಿಡಿಸಬಹುದಾಗಿತ್ತು. ಅಡ್ಡಿಯಿದ್ದದ್ದು ಒಂದೇ. ಯಾರು ಯಾವ ಪಾಳಿಯೆಂದು ನಿರ್ಧರಿಸುವವರು ಮೇಲ್ವಿಚಾರಕರು. ಅವರು ಇಡೀ ಮೇಜುಗಳನ್ನೇ ಒಂದು ವಾರ ಇತ್ತ, ಒಂದು ವಾರ ಅತ್ತ ದೂಡುತ್ತಿದ್ದರು. ನಾವಿಬ್ಬರೂ ಹೋಗಿ ಕೇಳಿದೆವು.

“ಯೆ ಕ್ಯಾ ಧರಮ್‌ಶಾಲಾ ಹೈ?” ಎಂದರು ಅವರು, ತಲೆಯೆತ್ತದೆ. ಆಮೇಲೆ ಹಿಂದಿಯಲ್ಲೇ ಬಿಡಿಸಿ ಹೇಳಿದರು: ಮದುವೆಯಾದವರಿಗೆ ಮನೆಯ ಜಂಜಾಟವಿರುತ್ತದೆ, ಅದಕ್ಕೇ ಕಂಪನಿ ಅವರನ್ನು ಇಟ್ಟುಕೊಳ್ಳುವುದಿಲ್ಲ. ನಿಮಗೆ ಮದುವೆಯಾಗಿಲ್ಲ. ನಿಮಗೆಲ್ಲಿಯ ಮನೆ?

ಹೊರಗೆ ಬಂದು ನೆರೆಯಾಕೆ ನಕ್ಕಳು. “ನಾವು ಆಕಾಶದಿಂದ ಉದುರಿದವರು ಅಂತ ಇವರಿಗೆ. ಪಪ್ಪನಿಗೆ ಹೇಳಬೇಕು, ನೀವು ಇಲ್ಲವೇ ಇಲ್ಲವಂತೆ ಅಂತ.” ನನಗೆ ನಗು ಬರಲಿಲ್ಲ. ಆ ಮಾತಿನಲ್ಲಿ ನಮ್ಮ ಕಾಲದ ಒಂದು ದೊಡ್ಡ ಸುಳ್ಳು ನಿರ್ವಂಚನೆಯಿಂದ ಹೊರಬಂದಿತ್ತು: ಹೆಣ್ಣಿಗೆ ಗಂಡನಿದ್ದರೆ ಮಾತ್ರ ಹೊಣೆ, ಇಲ್ಲದಿದ್ದರೆ ಅವಳು ಹಗುರ. ಪ್ಯಾಕಿಂಗ್ ಮೇಜಿನಲ್ಲಿ ಕುಳಿತ ಯಾವ ಹೆಣ್ಣೂ ಹಗುರವಾಗಿರಲಿಲ್ಲ.

ಮಾರನೆಯ ದಿನ ಊಟದ ಹೊತ್ತಿನಲ್ಲಿ ಇದನ್ನೇ ಕೇಳಿದೆ: ಯಾರ ಮನೆಯಲ್ಲಿ ಯಾರಿದ್ದಾರೆ? ಡಬ್ಬಿ ಬಿಚ್ಚುತ್ತಿದ್ದ ಕೈಗಳು ನಿಂತವು. ಒಬ್ಬಳ ತಾಯಿ ಕ್ಷಯದಿಂದ ಎದ್ದವಳು, ಒಬ್ಬಳ ತಮ್ಮನ ಕಾಲಿಗೆ ಶಕ್ತಿಯಿಲ್ಲ, ಒಬ್ಬಳ ಅಜ್ಜಿಗೆ ಕಣ್ಣಿಲ್ಲ. ಹಾಲ್‌ನ ಎಲ್ಲರಿಗಿಂತ ಹಿರಿಯಳಾಗಿದ್ದ ಮರಾಠಿ ಬಾಯಿ ಚಪಾತಿ ಮುರಿಯುತ್ತ ಹೇಳಿದಳು: “ಸಗಳ್ಯಾಂಚ್ಯಾ ಘರೀ ಹೇಚ್ ಆಹೇ. ವಿಚಾರತ್ ಕೋಣ್ ಹೋತಂ?” ಎಲ್ಲರ ಮನೆಯಲ್ಲೂ ಇದೇ, ಕೇಳುತ್ತಿದ್ದವರು ಯಾರು?

ನಾವು ಮುಷ್ಕರ ಹೂಡಲಿಲ್ಲ. ಜ್ವರದ ಮಾತ್ರೆ ನಿಲ್ಲಿಸಿದರೆ ಜ್ವರದವರಿಗೇ ಪೆಟ್ಟು ಬೀಳುತ್ತದೆಂಬುದರಲ್ಲಿ ನಮಗೆ ಎರಡು ಮಾತಿರಲಿಲ್ಲ. ಅಕ್ಕಪಕ್ಕದಲ್ಲಿ ವಾಸಿಸುವವರನ್ನು ನಾವೇ ಹುಡುಕಿ ಜೋಡಿ ಮಾಡಿದೆವು: ಸಯನ್‌ನವರು ಸಯನ್‌ನವರೊಂದಿಗೆ, ಕುರ್ಲಾದವರು ಕುರ್ಲಾದವರೊಂದಿಗೆ. ಪಾಳಿ ಬದಲಾಗುವ ಹೊತ್ತಿಗೆ, ಹಾಲ್‌ಗೆ ನೀರು ಹೊಯ್ಯುವಾಗ, ಎರಡೂ ಪಾಳಿಯವರು ಸೇರಿ ಮ್ಯಾನೇಜರರ ಕೋಣೆಯ ಮುಂದೆ ನಿಂತೆವು. ಫಿನಾಯಿಲ್ ನೀರು ನಮ್ಮ ಪಾದಗಳ ನಡುವೆ ಹರಿದು ಅವರ ಬಾಗಿಲ ಕಡೆಗೆ ಹೋಗುತ್ತಿತ್ತು. ಮಾತಾಡುವ ಹೊಣೆ ನನ್ನದು.

“ಈಗ ಪ್ರತಿದಿನ ಹಲವು ಕುರ್ಚಿಗಳು ಖಾಲಿ ಇವೆ, ಸರ್. ನಮಗೆ ಬರಲು ಮನಸ್ಸಿಲ್ಲವೆಂದಲ್ಲ. ಈ ಜೋಡಿಗಳನ್ನು ಒಪ್ಪಿಕೊಳ್ಳಿ. ಒಬ್ಬಳು ಮನೆಯಲ್ಲಿದ್ದಾಗ ಇನ್ನೊಬ್ಬಳು ಇಲ್ಲಿರುತ್ತಾಳೆ. ಎರಡು ಕುರ್ಚಿಯೂ ತುಂಬಿರುತ್ತವೆ, ಎರಡು ಮನೆಯೂ ತೆರೆದಿರುತ್ತವೆ.”

ಮ್ಯಾನೇಜರು ನನ್ನನ್ನು ನೋಡಲಿಲ್ಲ. ಕಿಟಕಿಯಾಚೆ ಲಾರಿ ಕಾಯುತ್ತಿದ್ದುದನ್ನು ನೋಡಿದರು. “ಒಪ್ಪದಿದ್ದರೆ?”

“ಒಪ್ಪದಿದ್ದರೆ ನಾವು ನಾಳೆಯೂ ಹೀಗೇ ಬಂದು ನಿಲ್ಲುತ್ತೇವೆ. ಬಿಡುವಿನ ಹೊತ್ತು ನಮ್ಮದು.”

ಹಿಂದಿನಿಂದ ಮರಾಠಿ ಬಾಯಿ, “ಹಾಲ್ ತೊಳೆಯುವುದಕ್ಕೂ ಜಾಗ ಬಿಡುವುದಿಲ್ಲ” ಎಂದು ತನ್ನ ಭಾಷೆಯಲ್ಲಿ ಸೇರಿಸಿದಳು. ಯಾರೋ ಕಿಸಕ್ಕೆಂದರು. ಮ್ಯಾನೇಜರರ ಮುಖದಲ್ಲೂ ಏನೋ ಸಡಿಲವಾಯಿತು. ಜ್ವರ ಇಳಿಯುವವರೆಗೆ ಮಾತ್ರ ಎಂದು ಅವರು ಒಪ್ಪಿದರು. ಆ ಸಂಜೆ ನಾವು ಮುಲುಂಡ್ ಸ್ಟೇಷನ್ನಿಗೆ ಮಳೆಯಲ್ಲಿ ನಡೆದು ಹೋದದ್ದು ಮೆರವಣಿಗೆಯಂತೆಯೇ ಇತ್ತು. ಕೊಡೆ ಇದ್ದವರೂ ಬಿಚ್ಚಲಿಲ್ಲ.

ಮರುದಿನದಿಂದ ಸಯನ್ ಸ್ಟೇಷನ್ನಿನ ಸೇತುವೆಯೇ ನಮ್ಮ ಕಚೇರಿಯಾಯಿತು. ಬೆಳಗಿನ ಪಾಳಿ ಮುಗಿಸಿ ನಾನು ಇಳಿಯುವಾಗ ನೆರೆಯಾಕೆ ಹತ್ತುತ್ತ ಬರುವಳು. ನಡೆಯುತ್ತಲೇ ಕೈಯಿಂದ ಕೈಗೆ ಬೀಗದ ಕೈ, ಬಾಯಿಯಿಂದ ಕಿವಿಗೆ ವರ್ತಮಾನ.

“ಪಪ್ಪನಿಗೆ ಮೀನಿನ ಸಾರು ಬಿಸಿ ಮಾಡಿ ಕೊಡಿ. ನಿಮ್ಮ ಅತ್ತೆ ಇವತ್ತು ನನ್ನೊಟ್ಟಿಗೆ ಮಾತಾಡಿದರು.”

“ಏನಂದರು?”

“‘ಬಾಗಿಲಲ್ಲಿ ನಿಲ್ಲಬೇಡ, ಬೆಳಕು ಅಡ್ಡ’ ಅಂತ. ಇಷ್ಟು ದಿನ ಅಷ್ಟೂ ಇರಲಿಲ್ಲ.”

ಮೀನಿನ ಸಾರಿನ ವಾಸನೆಗೆ ನಾನು ಮೂಗಿಗೆ ಸೆರಗು ಹಿಡಿಯುತ್ತಿದ್ದೆ. ಒಂದೇ ಪಂಕ್ತಿಯಲ್ಲಿ ಉಂಡಿದ್ದರೂ ಆ ಪಂಕ್ತಿಯಲ್ಲಿ ಬಡಿಸಿದ್ದು ಅನ್ನ ಹುಳಿಯೇ ತಾನೆ. ಆದರೂ ಬಿಸಿ ಮಾಡಿ, ಮುಳ್ಳು ಬಿಡಿಸಿ, ಆ ವೃದ್ಧರ ಬಾಯಿಗೆ ಇಡುತ್ತಿದ್ದೆ. ಈಚೆ ಬಂದಾಗ ಅತ್ತೆ ಏನೂ ಕೇಳುತ್ತಿರಲಿಲ್ಲ. “ಕೈ ತೊಳ್ಕೊಂಡ್ಯಾ? ಇನ್ನೊಂದು ಸಲ ತೊಳ್ಕೊ” ಎನ್ನುವರು, ಅಷ್ಟೇ.

ನಾನಿಲ್ಲದ ಹೊತ್ತಿನಲ್ಲಿ ನೆರೆಯಾಕೆ ಹೊಸ್ತಿಲಾಚೆ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಒಳಗೆ ಬರುವ ಅಪ್ಪಣೆಯಿರಲಿಲ್ಲ. ಮನುಷ್ಯರನ್ನು ಹೊಸ್ತಿಲಾಚೆ ಕೂರಿಸುವುದು ಅವಮಾನ. ಅದನ್ನು ನಾನು ಅತ್ತೆಗೆ ಹೇಳಿದೆ, ಆಕೆಯ ಕ್ಷಮೆಯನ್ನೂ ಕೇಳಿದೆ. “ಬಿಡಿ ಮಾರಾಯ್ತಿ, ಹೊರಗೆ ಗಾಳಿ ಉಂಟು” ಎಂದಳು ಆಕೆ. ಅವಳ ಔದಾರ್ಯದಿಂದ ಅವಮಾನ ಅವಮಾನವಲ್ಲದೆ ಹೋಗುವುದಿಲ್ಲ.

ಜ್ವರ ಬಂದದ್ದು ನಾನು ಮಧ್ಯಾಹ್ನದ ಪಾಳಿಯಲ್ಲಿದ್ದ ವಾರ. ಬೆಳಿಗ್ಗೆ ಅತ್ತೆಯ ಕಣ್ಣು ಕೆಂಪಗಿತ್ತು. ಗಂಜಿ ಬೇಡವೆಂದರು. ಮೈ ಮುಟ್ಟಿ ನೋಡಲು ಬಿಡಲಿಲ್ಲ; ಮಡಿಯಲ್ಲಿದ್ದೇನೆಂದರು. ನಾನು ಸೇತುವೆಯ ಮೇಲೆ ನೆರೆಯಾಕೆಗೆ ಹೇಳಿದೆ: “ಇವತ್ತು ಹೊಸ್ತಿಲು ನೋಡಬೇಡಿ. ಉಸಿರು ಕಟ್ಟಿದರೆ ಒಳಗೆ ಹೋಗಿ. ಬೈಸಿಕೊಳ್ಳುವುದು ನನಗಿರಲಿ.” ಆಮೇಲೆ ಗಾಡಿ ಹತ್ತಿದೆ. ಹತ್ತದೆ ಮರಳಬಹುದಿತ್ತು. ಆದರೆ ಆ ಒಂದು ಕುರ್ಚಿ ಖಾಲಿಯಾದರೆ ಎಲ್ಲ ಜೋಡಿಗಳನ್ನೂ ಒಡೆಯಲು ಮೇಲ್ವಿಚಾರಕರು ಕಾಯುತ್ತಿದ್ದರು. ಇಂಥ ಆಯ್ಕೆಯನ್ನು ಮನುಷ್ಯರ ಮುಂದಿಡುವ ವ್ಯವಸ್ಥೆ ಯಾವುದೇ ಆಗಲಿ, ಅದು ಕೆಟ್ಟದ್ದು. ಆ ಮಧ್ಯಾಹ್ನ ನಾನು ತುಂಬಿದ ಸೀಸೆಗಳಲ್ಲಿ ಒಂದರ ನೆನಪೂ ನನಗಿಲ್ಲ.

ಮುಂದೆ ನಡೆದದ್ದನ್ನು ಅವರಿಬ್ಬರ ಬಾಯಿಂದಲೂ ಕೇಳಿದ್ದೇನೆ. ನಾನು ಹೋದ ಸ್ವಲ್ಪ ಹೊತ್ತಿಗೆ ಉಬ್ಬಸ ಬಂತು. ಒದ್ದೆ ಸೀರೆಯಲ್ಲಿ ಅತ್ತೆ ಗೋಡೆಗೊರಗಿ, ಬಾಯಿ ತೆರೆದು, ಗಾಳಿಗೆ ತಡಕಾಡುತ್ತಿದ್ದರು. ನೆರೆಯಾಕೆ ಹೊಸ್ತಿಲು ದಾಟಿದಳು. ಅತ್ತೆ ಬೇಡವೆಂದು ಕೈಯೆತ್ತಿದರು. ಮಾತು ಹೊರಡಲಿಲ್ಲ.

“ನಾನು ಮುಟ್ಟುತ್ತೇನೆ ಅಮ್ಮ. ನೀವು ಆಮೇಲೆ ನೂರು ಸಲ ಸ್ನಾನ ಮಾಡಿ. ಅದಕ್ಕೆ ನೀವು ಇರಬೇಕಲ್ಲ” ಎಂದು ಆಕೆ ಬೆನ್ನಿಗೆ ಕೈಕೊಟ್ಟು ಕೂರಿಸಿದಳು. ಮಾತ್ರೆ ಕೊಟ್ಟಳು. ಔಷಧಿಗೆ ದೋಷವಿಲ್ಲವೆಂಬುದು ಅತ್ತೆಗೆ ಮೊದಲೇ ಒಪ್ಪಿಗೆಯಿದ್ದದ್ದರಿಂದ ಅದು ಒಳಗೆ ಹೋಯಿತು. ನೀರು? ಅತ್ತೆ ತುಟಿ ಬಿಗಿದರು. ಆಕೆ ಓಡಿಹೋಗಿ ಹಾಲು ಕಾಯಿಸಿ ತಂದಳು. ಅತ್ತೆ ಲೋಟವನ್ನು ನೋಡಿದರು, ಅವಳನ್ನು ನೋಡಿದರು, ಕುಡಿದರು. ಉಳಿದದ್ದು ಒದ್ದೆ ಸೀರೆ. ನಡುಗುತ್ತಿದ್ದ ಮೈಯಿಂದ ಅದನ್ನು ಬಿಡಿಸಲು ಹೋದರೆ ಅತ್ತೆ ಮುಷ್ಟಿಯಲ್ಲಿ ಸೆರಗು ಹಿಡಿದು ಬಿಡಲೊಲ್ಲರು. ಕೋಣೆಯಲ್ಲಿದ್ದ ಒಣ ಬಟ್ಟೆಯೆಲ್ಲ ಮುಟ್ಟಿ ಮೈಲಿಗೆಯಾದದ್ದು. ಕೊನೆಗೆ ಆಕೆಗೆ ತೋಚಿದ್ದೆಂದರೆ, ಹಡಗಿನವರು ಯಾರೋ ತನ್ನ ತಂದೆಗೆ ಕೊಟ್ಟಿದ್ದ ಬೂದು ಕಂಬಳಿಯನ್ನು ತಂದು ಮುಂದೆ ಹಿಡಿದದ್ದು. ಅತ್ತೆ ಎರಡು ಬೆರಳಿನಿಂದ ಅದನ್ನು ಹೊಸಕಿ ನೋಡಿದರು.

“ಉಣ್ಣೆಯೇ?”

“ಉಣ್ಣೆಯೇ ಅಮ್ಮ. ಹತ್ತಿ ಒಂದು ಎಳೆಯೂ ಇಲ್ಲ.”

ಸೆರಗು ಹಿಡಿದ ಮುಷ್ಟಿ ಸಡಿಲವಾಯಿತು.

ನಾನು ಮನೆಗೆ ಬಂದಾಗ ಅತ್ತೆ ಆ ಕಂಬಳಿಯನ್ನು ಕಂಕುಳಿನಿಂದ ಪಾದದವರೆಗೆ ಸುತ್ತಿಕೊಂಡು ಒರಗಿ ಕುಳಿತಿದ್ದರು. ಉಸಿರು ಇನ್ನೂ ಸಿಳ್ಳೆ ಹಾಕುತ್ತಿತ್ತು, ಆದರೆ ಬರುತ್ತಿತ್ತು, ಹೋಗುತ್ತಿತ್ತು. ನೆರೆಯಾಕೆ ಹೊಸ್ತಿಲ ಒಳಗೆ ಕುಳಿತು ಅವರ ಕಾಲು ಒತ್ತುತ್ತಿದ್ದಳು. ನಾನು ಹೊಸ್ತಿಲಲ್ಲೇ ನಿಂತು ಆ ಕಂಬಳಿಯನ್ನು ನೋಡಿದೆ. ಅತ್ತೆಯೇ ಮಾತು ತೆಗೆದರು.

“ಏನ್ ನೋಡ್ತೀಯಾ? ಉಣ್ಣೆಗೆ ಮೈಲಿಗೆ ಇಲ್ಲ. ನಿಮ್ ತಾತ ಉಣ್ಣೆ ಧಾವಳಿ ಉಟ್ಟೇ ಪೂಜೆ ಮಾಡ್ತಿದ್ದಿದ್ದು. ಉಣ್ಣೆ ಒಣಗಿದ್ರೂ ಮಡಿ, ಯಾರ್ ಮುಟ್ಟಿದ್ರೂ ಮಡಿ.”

“ಹಾಗಾದರೆ ಇಷ್ಟು ದಿನ ಒದ್ದೆ ಸೀರೆ ಯಾಕೆ ಅತ್ತೆ?”

“ನಂಗೆ ಧಾವಳಿ ಯಾರು ಕೊಟ್ಟಿದ್ರು? ಅದು ಗಂಡಸರಿಗೆ, ಮುತ್ತೈದೇರಿಗೆ. ಬೋಳಿಗೆ ಎರಡು ಹತ್ತಿ ಸೀರೆ.”

ಅವರು ಅದನ್ನು ದೂರಿನಂತೆ ಹೇಳಲಿಲ್ಲ. ಊರಿನ ರೂಢಿ ಹೇಳುವಂತೆ ಹೇಳಿದರು. ಮಡಿಯ ವಿರುದ್ಧ ನಾನು ಶಾಲೆಯ ದಿನಗಳಿಂದ ವಾದಿಸಿದ್ದೆ, ಇಂದಿಗೂ ಅದು ತಪ್ಪೆಂದೇ ವಾದಿಸುತ್ತೇನೆ. ಆದರೆ ಆ ತಪ್ಪಿನ ಒಳಗೇ ಇನ್ನೊಂದು ತಪ್ಪಿದೆಯೆಂದು, ಬೆಚ್ಚಗಿನ ಮಡಿಯನ್ನು ತಾವಿಟ್ಟುಕೊಂಡು ಒದ್ದೆ ಮಡಿಯನ್ನು ವಿಧವೆಗೆ ಹಂಚಿದ್ದಾರೆಂದು, ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ.

ಜ್ವರ ಒಂದಷ್ಟು ದಿನ ಕಾಡಿತು. ಜೋಡಿ ಪಾಳಿ ಒಂದು ಹೊತ್ತೂ ತಪ್ಪಲಿಲ್ಲ. ನೆರೆಯಾಕೆಯ ಕೈಯ ಹಾಲು, ಆಮೇಲೆ ಹಾಲಿನಲ್ಲಿ ಬೆಂದ ಗಂಜಿ (ಹಾಲಿನಲ್ಲಿ ಬೆಂದದ್ದಕ್ಕೆ ದೋಷವಿಲ್ಲವಂತೆ), ಹೀಗೆ ಅತ್ತೆ ತಮ್ಮ ಶಾಸ್ತ್ರದಲ್ಲಿಯೇ ಒಂದೊಂದಾಗಿ ಬಾಗಿಲು ತೆರೆದುಕೊಂಡರು. ಒಂದು ದಿನ ವೈದ್ಯರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಗ್ಯಾಲರಿಗೆ ಕರೆಯದೆ ಅತ್ತೆಯ ಮುಂದೆಯೇ ಹೇಳಿದರು: “ಗೆದ್ದಿರಿ ಅಜ್ಜಿ.”

“ನಾನೊಬ್ಳೇ ಅಲ್ಲ” ಎಂದರು ಅತ್ತೆ.

ನಗರದಲ್ಲಿ ಜ್ವರ ಇಳಿದಾಗ ಮೇಲ್ವಿಚಾರಕರು ಜೋಡಿಗಳನ್ನು ರದ್ದು ಮಾಡಿದೆವೆಂದು ಸಾರಿದರು. ನಾವು ಮತ್ತೆ ಮ್ಯಾನೇಜರರ ಬಾಗಿಲ ಮುಂದೆ ಒದ್ದೆ ನೆಲದ ಮೇಲೆ ನಿಂತೆವು. ಈ ಸಲ ನಾನು ಮಾತಾಡಬೇಕಾಗಲಿಲ್ಲ. ಮರಾಠಿ ಬಾಯಿಯೇ ಆಡಿದಳು. ಆ ತಿಂಗಳುಗಳಲ್ಲಿ ಯಾವ ಕುರ್ಚಿಯೂ ಖಾಲಿ ಬಿದ್ದಿರಲಿಲ್ಲವೆಂಬುದನ್ನು ಮ್ಯಾನೇಜರರೂ ಅಲ್ಲಗಳೆಯಲಾರದೆ ಹೋದರು. ಮನೆಯಲ್ಲಿ ಅಶಕ್ತರಿರುವವರು ತಮ್ಮ ಜೊತೆಗಾತಿಯನ್ನೂ ಪಾಳಿಯನ್ನೂ ತಾವೇ ಆರಿಸಿಕೊಳ್ಳಬಹುದೆಂದು ತೀರ್ಮಾನವಾಯಿತು, ಮುಂದೆ ಅದು ಕಂಪನಿಯ ಕಾರ್ಮಿಕ ಒಪ್ಪಂದದಲ್ಲೂ ಸೇರಿತು. ಮದುವೆಯ ನಿಯಮ ಹಾಗೆಯೇ ಉಳಿಯಿತು. ಅದನ್ನು ಕೆಡವಲು ಇನ್ನೂ ಬಹಳ ಕಾಲ ಹೆಣಗಬೇಕಾಯಿತು.

ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುತ್ತಿದ್ದೆ. ಅತ್ತೆ ಪಕ್ಕದ ಕೋಣೆಯ ಒಳಗೆ, ಆ ವೃದ್ಧರ ಮಂಚದ ಪಕ್ಕದಲ್ಲಿ ಕುಳಿತಿದ್ದರು. ಅವರು ಕೊಂಕಣಿಯಲ್ಲಿ ಏನೋ ಹೇಳುತ್ತಿದ್ದರು, ಇವರು ಮೈಸೂರು ಕನ್ನಡದಲ್ಲಿ ಗದರುತ್ತಿದ್ದರು: “ಅರ್ಧ ಲೋಟ ಬಿಟ್ರೆ ಆಗಲ್ಲ. ಪೂರ್ತಿ ಕುಡೀರಿ. ನಿಮ್ ಮಗಳಿಗೆ ಹೇಳ್ತೀನಿ.” ನೆರೆಯಾಕೆ ತಲೆ ಬಾಚುತ್ತ ನಿಂತಿದ್ದಳು. ಅವಳದು ಆ ದಿನ ಮಧ್ಯಾಹ್ನದ ಪಾಳಿ.

ಅತ್ತೆ ನಮ್ಮಿಬ್ಬರನ್ನೂ ನೋಡಿದರು. “ಇಬ್ರೂ ಬೆಳಗಿನ್ ಪಾಳಿಗೇ ಹೋಗ್ಬಾರ್ದೇನೇ? ಸಾಯಂಕಾಲ ಇಬ್ರೂ ಮನೇಲಿರ್ತೀರಿ. ಇವರನ್ನ ನಾನು ನೋಡ್ಕೋತೀನಿ. ನನ್ನನ್ನ ಇವರು ನೋಡ್ಕೋತಾರೆ. ಏನಾದ್ರೂ ಆದ್ರೆ ಇವರಿಗೆ ಕೂಗೋಕೆ ಬಾಯಿದೆ, ನಂಗೆ ಓಡೋಕೆ ಕಾಲಿದೆ.”

ಮುಂದಿನ ವಾರ ನಾವು ಪಾಳಿ ಬದಲಾಯಿಸಿಕೊಂಡೆವು. ಬೆಳಗಿನ ಬಿಸಿಲಿನಲ್ಲಿ, ಮೊದಲ ಬಾರಿಗೆ ಯಾವ ಬಾಗಿಲಿಗೂ ಚಿಲಕ ಹಾಕದೆ, ಇಬ್ಬರೂ ಒಟ್ಟಿಗೆ ಮೆಟ್ಟಿಲಿಳಿದೆವು. ರಸ್ತೆಗೆ ಬಂದು ಹಿಂದಿರುಗಿ ನೋಡಿದಾಗ ಅತ್ತೆ ಗ್ಯಾಲರಿಯ ಕಟಕಟೆ ಹಿಡಿದು ನಿಂತಿದ್ದರು.

“ನಿಂತ್ಕೊಂಡು ಏನ್ ನೋಡ್ತೀರೇ ಇಬ್ರೂ? ಹೋಗಿ, ಗಾಡಿ ತಪ್ಪುತ್ತೆ.”

ನಾವು ಓಡಲಿಲ್ಲ. ಸ್ಟೇಷನ್ನಿನವರೆಗೆ ನಡೆದೇ ಹೋದೆವು.